ಓದುಗರ ಪ್ರಶ್ನೆ: ಟೆಕ್ಸಾಸ್ ಅಮೆರಿಕಾ ಬಿಟ್ಟು ಹೊಂಟೈತಂತ, ಖರೇನ್ರಿ?

ಈ ಸಲ ಬಂದ ಪ್ರಶ್ನೆ ಹೆಚ್ಚುಕಡಿಮಿ ಎಲ್ಲಾ ಅಮೆರಿಕಾದ ಕಡೇನ ಮುಖ ಮಾಡ್ಯಾವು. ಯಾವದೋ ಒಂದು ಫಾರ್ವರ್ಡ್ ಮೆಸೇಜು ಗೋಕಾಕದಿಂದ ಇಂಡಿ ತನಕ ಎಲ್ಲಾ ಗ್ರೂಪಿನ್ಯಾಗ ತಿರಗ್ಯಾಡೇತಿ ಅಂತ ಕಾಣತೈತಿ. ಬಂದದ್ರಾಗ ಒಂದಿಷ್ಟು ಆರಿಸಿ ಹಾಕೀನಿ, ಕೆಲವು ಉತ್ತರ ಉದ್ದ ಆಗ್ಯಾವು, ಕೆಲವಕ್ಕ ಉದ್ದ ಹೇಳೋ ಜರೂರ್ ಇರಲಿಲ್ಲ.

ಪ್ರಶ್ನೆ: ಸರ ನಮಸ್ಕಾರ. ಟೆಕ್ಸಾಸ್ ರಾಜ್ಯದವ್ರು ಬಾರ್ಡರಿಗೆ ತಂತಿ ಹಾಕಿ ಕೇಂದ್ರದ ಮಾತು ಕೇಳವಲ್ರು, ಸುಪ್ರೀಂ ಕೋರ್ಟಿಗೂ ಬಗ್ಗವಲ್ರು, ಬ್ಯಾರೆ ದೇಶ ಆಗಾಕ ಹೊಂಟಾರ ಅಂತ ಮೆಸೇಜ್ ಬಂದೈತಿ. ಸ್ಟಾಫ್ ರೂಮಿನ್ಯಾಗ ದೊಡ್ಡ ವಾದ ಆತು. ಅಲ್ಲಿ ರಾಜ್ಯಕ್ಕ ಬಿಟ್ಟು ಹೋಗೋ ಹಕ್ಕು ಐತೇನ್ರಿ?
(ಹೈಸ್ಕೂಲ್ ಮಾಸ್ತರು, ಗೋಕಾಕ)

ಉತ್ತರ: ಇಲ್ರಿ ಮಾಸ್ತರ. ಮೆಸೇಜಿನ್ಯಾಗ ಅರ್ಧ ಖರೆ, ಅರ್ಧ ಮಸಾಲಿ. ಖರೆ ಏನಂದ್ರ, ಮೆಕ್ಸಿಕೋ ಕಡಿಂದ ಮಂದಿ ಬರಬಾರದು ಅಂತ ಟೆಕ್ಸಾಸ್ ಸರ್ಕಾರ ರಿಯೋ ಗ್ರಾಂಡ್ ಹೊಳಿ ದಂಡಿಗೆ ಬ್ಲೇಡ್ ತಂತಿ ಹಾಕಿತ್ತು, ಅದನ್ನ ಕೇಂದ್ರದ ಬಾರ್ಡರ್ ಪೊಲೀಸರು ಕತ್ತರಿಸಾಕತ್ತಿದ್ರು, ಕೆಳಗಿನ ಕೋರ್ಟು ಕತ್ತರಿಸಬ್ಯಾಡ್ರಿ ಅಂದಿತ್ತು, 2024ರ ಜನವರಿಯಾಗ ಸುಪ್ರೀಂ ಕೋರ್ಟು 5-4ರಾಗ ಆ ತಡೆ ತಗದು ಹಾಕ್ತು. ಇಷ್ಟ ಆಗಿದ್ದು. ತಂತಿ ಹಾಕಬ್ಯಾಡ ಅಂತ ಟೆಕ್ಸಾಸಿಗೆ ಆ ಆದೇಶದಾಗ ಹೇಳಿರಲಿಲ್ಲ, ಅದಕ್ಕ ಅವ್ರು ಇನ್ನಷ್ಟು ತಂತಿ ಹಾಕಿದ್ರು, ಇದನ್ನ ನೋಡಿದ ನಮ್ಮ ವಾಟ್ಸಾಪ್ ಮಂದಿ ಒಂದು ದೇಶಾನ ಒಡದು ಬಿಟ್ರು.

ಆದ್ರ ಮಜಾ ಏನು ಗೊತ್ತೇನ್ರಿ, ರಾಜ್ಯ ಬಿಟ್ಟು ಹೋಗಾಕ ಬರಂಗಿಲ್ಲ ಅಂತ ಅಮೆರಿಕಾದ ಸುಪ್ರೀಂ ಕೋರ್ಟು ಹೇಳಿದ್ದೂ ಒಂದು ಟೆಕ್ಸಾಸ್ ಕೇಸಿನ್ಯಾಗ, ಮತ್ತ ಆ ಕೇಸು ಹಾಕಿದಾಕಿ ಟೆಕ್ಸಾಸ್ ತಾಯೇ. 1869ರ ಟೆಕ್ಸಾಸ್ ವರ್ಸಸ್ ವೈಟ್ ಕೇಸು. ಅದು ಶುರು ಆಗಿದ್ದು ದೇಶ, ಸ್ವಾತಂತ್ರ್ಯ ಅಂತ ದೊಡ್ಡ ಮಾತಿಂದ ಅಲ್ಲ, ರೊಕ್ಕದಿಂದ. 1850ರಾಗ ಟೆಕ್ಸಾಸ್ ತನ್ನ ಗಡಿಯಾಚಿನ ಜಮೀನಿನ ಹಕ್ಕು ಬಿಟ್ಟುಕೊಟ್ಟಿದ್ದಕ್ಕ ಕೇಂದ್ರ 1 ಕೋಟಿ ಡಾಲರ್ ಬಾಂಡು ಕೊಡತೀನಿ ಅಂದಿತ್ತು. ಅದ್ರಾಗ ಒಂದಿಷ್ಟು ಬಾಂಡು ಖಜಾನಿಯಾಗ ಉಳದಿದ್ವು. ಉತ್ತರ ಮತ್ತ ದಕ್ಷಿಣದ ರಾಜ್ಯಗಳ ನಡುವ ಅಂತರ್ಯುದ್ಧ ಬಂತು, ಟೆಕ್ಸಾಸ್ ದಕ್ಷಿಣದವ್ರ ಜೋಡಿ ಹೋತು, ಆಗಿನ ಸರ್ಕಾರ ಆ ಬಾಂಡು ವೈಟ್ ಮತ್ತ ಚೈಲ್ಸ್ ಅನ್ನೋ ವ್ಯಾಪಾರಿಗಳಿಗೆ ಕೊಟ್ಟು ಹತ್ತಿ ಹಿಂಜೋ ಸಾಮಾನು, ಔಷಧ ತರಸ್ರಿ ಅಂತ ಕರಾರು ಮಾಡ್ತು. ಯುದ್ಧ ಸೋತ ಮ್ಯಾಲೆ ಬಂದ ಹೊಸ ಸರ್ಕಾರ ನಮ್ಮ ಬಾಂಡು ನಮಗ ಕೊಡಸ್ರಿ ಅಂತ ಸೀದಾ ಸುಪ್ರೀಂ ಕೋರ್ಟಿಗೆ ಹೋತು. ಎದುರಿನವ್ರ ವಕೀಲರು ಹಾಕಿದ ಪಾಯಿಂಟು ಭಾರಿ ಇತ್ತು: ರಾಜ್ಯ ಆದ್ರ ಮಾತ್ರ ಸೀದಾ ಇಲ್ಲಿಗೆ ಬರಬಹುದು, ಟೆಕ್ಸಾಸ್ 1861ರಾಗ ಯೂನಿಯನ್ (ಅಮೆರಿಕಾದ ರಾಜ್ಯಗಳ ಒಕ್ಕೂಟ) ಬಿಟ್ಟು ಹೋಗೇತಿ, ಈಗಿನ್ನೂ ಪಾರ್ಲಿಮೆಂಟಿನ್ಯಾಗ ಅವ್ರಿಗೆ ಸೀಟಿಲ್ಲ, ಹಂಗಾದ ಮ್ಯಾಲೆ ಇದು ರಾಜ್ಯ ಹೆಂಗಾಗತೈತಿ?

ಮುಖ್ಯ ನ್ಯಾಯಮೂರ್ತಿ ಸಾಲ್ಮನ್ ಚೇಸ್ ಹೇಳಿದ್ದು, ಟೆಕ್ಸಾಸ್ ಬಿಟ್ಟು ಹೋಗೇ ಇಲ್ಲ. ಹೋಗತೀನಿ ಅಂತ ಠರಾವು ಪಾಸ್ ಮಾಡಿದ್ದು, ಮತ ಹಾಕಿಸಿದ್ದು, ಬ್ಯಾರೆ ಧ್ವಜ ಹಾರಿಸಿದ್ದು ಎಲ್ಲಾ ಕಾನೂನಿನ ಲೆಕ್ಕದಾಗ ಶೂನ್ಯ, ಯಾಕಂದ್ರ ಈ ಯೂನಿಯನ್ ಒಡೀಲಾರದ್ದು, ಅದರೊಳಗಿನ ರಾಜ್ಯಗಳೂ ಒಡೀಲಾರದಂಥವು. ಹೊರಗ ಹೋಗಾಕ ಎರಡ ದಾರಿ, ಒಂದು ಕ್ರಾಂತಿ, ಇನ್ನೊಂದು ಉಳದ ರಾಜ್ಯಗಳ ಒಪ್ಪಿಗಿ. ತೀರ್ಪು 5-3. ಈ ಚೇಸ್ ಸಾಹೇಬ್ರು ಯುದ್ಧದ ಟೈಮಿನ್ಯಾಗ ಲಿಂಕನ್ ಅವ್ರ ಹಣಕಾಸು ಮಂತ್ರಿ ಆಗಿದ್ದವ್ರು, ಯುದ್ಧಕ್ಕ ರೊಕ್ಕ ಹೊಂದಿಸಿದ್ದು ಇವರ, ಹಿಂತಾ ಮನಷ್ಯಾ ಬ್ಯಾರೆ ತೀರ್ಪು ಹೆಂಗ ಕೊಟ್ಟಾನು ಅಂತ ನಿಮ್ಮ ಸ್ಟಾಫ್ ರೂಮಿನ್ಯಾಗ ಯಾರರೆ ಕೇಳಿದ್ರ ಅದು ತಪ್ಪೇನಲ್ಲ. ಭಿನ್ನ ತೀರ್ಪು ಕೊಟ್ಟ ಗ್ರಿಯರ್ ಅನ್ನೋ ನ್ಯಾಯಮೂರ್ತಿ ಹಂಗ ಹೇಳಿದ್ರು, ಟೆಕ್ಸಾಸಿನ್ಯಾಗ ಮಿಲಿಟರಿ ಆಳಾಕತ್ತೈತಿ, ಕಣ್ಣಮುಂದ ಕಾಣೋದನ್ನ ಬಿಟ್ಟು ಅದು ರಾಜ್ಯ ಅಂತ ಹೆಂಗ ಅನ್ನೂದು ಅಂತ. ನನಗೂ ಆ ಮಾತಿನ್ಯಾಗ ದಮ್ ಐತಿ ಅನಸತೈತಿ. ಖರೆ ಹೇಳಬೇಕಂದ್ರ ಪ್ರಶ್ನೆ ತೀರ್ಮಾನ ಆಗಿದ್ದು 1865ರ ಏಪ್ರಿಲ್ 9ಕ್ಕ, ಅಪೊಮ್ಯಾಟಕ್ಸ್ ಅನ್ನೋ ಊರಾಗ ದಕ್ಷಿಣದವ್ರ ಸೇನಾಪತಿ ಜನರಲ್ ಲೀ ಶರಣಾದಾಗ, ಕೋರ್ಟು ಮಾಡಿದ್ದು ಅದಕ್ಕ ಸಿಕ್ಕಾ ಹೊಡ್ಯೋ ಕೆಲಸ. 6 ಲಕ್ಷಕ್ಕಿಂತ ಹೆಚ್ಚು ಮಂದಿ ಸತ್ತಿದ್ರು ಅಷ್ಟೊತ್ತಿಗೆ.

ಸಂವಿಧಾನದಾಗ ಮದಲ ಬರದಿದ್ರ ಈ ತಲಿನೋವು ಇರತಿರಲಿಲ್ಲ. 1787ರಾಗ ಕುಂತು ಬರದವ್ರು ಹೋಗಬಹುದು ಅಂತಾನೂ ಬರೀಲಿಲ್ಲ, ಹೋಗಬಾರದು ಅಂತಾನೂ ಬರೀಲಿಲ್ಲ. ನಮ್ಮ ಬಾಬಾಸಾಹೇಬ ಅಂಬೇಡ್ಕರ್ ಅವ್ರು ಇದನ್ನ ಸರಿಯಾಗಿ ಹಿಡದಿದ್ರು. 1948ರ ನವೆಂಬರ್ 4ಕ್ಕ ಸಂವಿಧಾನ ಸಭೆಯಾಗ ಮಾತಾಡುವಾಗ, ರಾಜ್ಯಕ್ಕ ಬಿಟ್ಟು ಹೋಗೋ ಹಕ್ಕಿಲ್ಲ ಅಂತ ತೋರಸಾಕ ಅಮೆರಿಕಾದವ್ರು ಅಂತರ್ಯುದ್ಧಾನ ಮಾಡಬೇಕಾತು, ನಾವು ಅದನ್ನ ಮುಂದಿನವ್ರ ಊಹಾಪೋಹಕ್ಕ ಬಿಡದ ಮದಲ ಸ್ಪಷ್ಟ ಮಾಡೂದು ಚಲೋ ಅನ್ನೋ ಅರ್ಥದಾಗ ಹೇಳಿದ್ರು. ಅಮೆರಿಕಾದ ಕೊಲಂಬಿಯಾ ವಿಶ್ವವಿದ್ಯಾಲಯದಾಗ ಓದಿ ಬಂದವ್ರು ನೋಡ್ರಿ, ಅಲ್ಲಿನ ಗಾಯ ಎಲ್ಲಿ ಐತಿ ಅಂತ ಗೊತ್ತಿತ್ತು.

ಪ್ರಶ್ನೆ: ಸರ್, ಯೂಟ್ಯೂಬಿನ್ಯಾಗ ಒಬ್ರು ಹೇಳಾಕತ್ತಿದ್ರು, ಅಮೆರಿಕಾದ ಅಂತರ್ಯುದ್ಧ ಗುಲಾಮಗಿರಿ ಸಲುವಾಗಿ ಆಗಿದ್ದಲ್ಲ, ರಾಜ್ಯಗಳ ಹಕ್ಕು ಮತ್ತ ಟ್ಯಾಕ್ಸ್ ಸಲುವಾಗಿ ಆಗಿದ್ದು, ಗುಲಾಮಗಿರಿ ಅನ್ನೂದು ಗೆದ್ದವ್ರು ಆಮ್ಯಾಲೆ ಕಟ್ಟಿದ ಕಥಿ ಅಂತ. ನಮ್ಮ ಲೆಕ್ಚರರ್ ಬ್ಯಾರೆ ಹೇಳತಾರ. ಯಾರದು ಖರೆ?
(ಬಿಎ ಎರಡನೇ ವರ್ಷ, ವಿಜಯಪುರ)

ಉತ್ತರ: ನಿಮ್ಮ ಲೆಕ್ಚರರದು ಖರೆ ತಂಗಿ. ಇದಕ್ಕ ಗೆದ್ದವ್ರ ಪುಸ್ತಕ ಓದೋದ ಬ್ಯಾಡ, ಸೋತವ್ರ ಕಾಗದ ಓದಿದ್ರ ಸಾಕು. ಬಿಟ್ಟು ಹೋದ 11 ರಾಜ್ಯದಾಗ ಕೆಲವು ಯಾಕ ಹೊಂಟೀವಿ ಅಂತ ತಾವ ಪತ್ರ ಬರದು ಇಟ್ಟು ಹೋಗ್ಯಾವು. ಮಿಸಿಸಿಪ್ಪಿಯವ್ರು ಶುರುವಾತಿಗೇನ ನಮ್ಮ ನಿಲುವು ಗುಲಾಮಗಿರಿ ಜೋಡಿ ಪೂರಾ ಕೂಡಿಕೊಂಡೈತಿ ಅಂತ ಮುಚ್ಚುಮರಿ ಇಲ್ಲದ ಬರದಾರ. ಬಿಟ್ಟು ಹೋದವ್ರು ಕಟ್ಟಿಕೊಂಡ ಕಾನ್ಫೆಡರಸಿ ಅನ್ನೋ ಕೂಟದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚಿನ್ಯಾಗ ಸವಾನಾ ಊರಾಗ ಭಾಷಣ ಮಾಡಿ, ಕರಿಯರು ಬಿಳಿಯರಿಗೆ ಸಮ ಅಲ್ಲ ಅನ್ನೂದ ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಅಂದ. ಇಷ್ಟು ಬಾಯಿಬಿಟ್ಟು ಹೇಳಿದ ಮ್ಯಾಲೆ ಟ್ಯಾಕ್ಸ್ ಎಲ್ಲಿಂದ ಬಂತು?

ಟ್ಯಾಕ್ಸಿನ ಜಗಳ ಆಗಿದ್ದು ಖರೆ, ಆದ್ರ ಅದು 30 ವರ್ಷ ಹಿಂದಿಂದು. 1832ರಾಗ ಸೌತ್ ಕೆರೊಲಿನಾ ರಾಜ್ಯ, ಕೇಂದ್ರ ಹಾಕಿದ ಆಮದು ಸುಂಕ ನಮ್ಮ ರಾಜ್ಯದಾಗ ನಡ್ಯಂಗಿಲ್ಲ ಅಂತ ಠರಾವು ಮಾಡ್ತು, ಅದರ ಹಿಂದ ಕ್ಯಾಲ್ಹೂನ್ ಅನ್ನೋ ಲೀಡರು, ದೇಶದ ಉಪಾಧ್ಯಕ್ಷ ಆಗಿದ್ದವ ಆ ಖುರ್ಚಿಗೆ ರಾಜೀನಾಮಿ ಕೊಟ್ಟು ಬಂದ. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ತಾನೂ ದಕ್ಷಿಣದವನ, ಗುಲಾಮರನ್ನ ಇಟಕೊಂಡವನ, ಆದ್ರೂ ಫೌಜು ಕಳಸತೀನಿ ಅಂತ ಕಾಯ್ದೆ ಪಾಸ್ ಮಾಡಿಸಿದ, ಅತ್ತಾಗ ಸುಂಕಾನೂ ಸ್ವಲ್ಪ ಇಳಿಸಿದ್ರು. 1833ರಾಗ ರಾಜ್ಯ ಹಿಂದ ಸರೀತು, ಸರಿಯುವಾಗ ಮರ್ಯಾದಿ ಉಳಸಕೊಳ್ಳಾಕ ಆ ಫೌಜಿನ ಕಾಯ್ದೆ ನಮ್ಮಲ್ಲಿ ರದ್ದು ಅಂತ ಇನ್ನೊಂದು ಠರಾವು ಮಾಡ್ತು. ಹಿಂತಾ ಠರಾವು ನಮ್ಮ ಕಡೆ ಪಾಲಿಕಿ ಮೀಟಿಂಗಿನ್ಯಾಗೂ ನೋಡಿರಬೇಕು ನೀವು.

ಈಗ ರಾಜ್ಯದ ಹಕ್ಕಿನ ಮಾತು. ಇದ ನನಗ ಭಾಳ ಮುಖ್ಯ ಅನಸೋ ಭಾಗ, ತಾಳ್ಮಿಯಿಂದ ಓದು. 1850ರಾಗ ಕೇಂದ್ರ ಒಂದು ಕಾಯ್ದೆ ಮಾಡ್ತು, ತಪ್ಪಿಸಿಕೊಂಡು ಉತ್ತರದ ರಾಜ್ಯಕ್ಕ ಓಡಿ ಬಂದ ಗುಲಾಮರನ್ನ ಹಿಡದು ಮಾಲೀಕರಿಗೆ ವಾಪಸ್ ಕೊಡಬೇಕು, ಹಿಡಿಯಾಕ ಊರ ಮಂದೀನೂ ಕೈ ಹಚ್ಚಬೇಕು ಅಂತ. ಈ ಕಾಯ್ದೆ ಬೇಕು ಅಂತ ಹಟ ಹಿಡದವ್ರು ಯಾರು? ರಾಜ್ಯದ ಹಕ್ಕು ರಾಜ್ಯದ ಹಕ್ಕು ಅಂತಿದ್ದ ದಕ್ಷಿಣದವ್ರು. ಬ್ಯಾಡ ಅಂತ ನಿಂತವ್ರು ಉತ್ತರದ ರಾಜ್ಯಗಳು. 1854ರಾಗ ವಿಸ್ಕಾನ್ಸಿನ್ ರಾಜ್ಯದಾಗ ಜೋಶುವಾ ಗ್ಲೋವರ್ ಅನ್ನೋ ಓಡಿ ಬಂದ ಗುಲಾಮನನ್ನ ಹಿಡದು ಮಿಲ್ವಾಕಿ ಜೇಲಿನ್ಯಾಗ ಹಾಕಿದ್ರು, ಮಂದಿ ಜೇಲಿನ ಬಾಗಲಾ ಮುರದು ಅವನನ್ನ ಬಿಡಿಸಿ ಕಳಿಸಿದ್ರು, ಆ ಮಂದೀನ ಕೂಡಿಸಿದ್ದ ಶೆರ್ಮನ್ ಬೂತ್ ಅನ್ನೋ ಪತ್ರಿಕಾ ಸಂಪಾದಕನ ಮ್ಯಾಲೆ ಕೇಂದ್ರ ಕೇಸ್ ಹಾಕ್ತು, ವಿಸ್ಕಾನ್ಸಿನ್ ರಾಜ್ಯದ ಕೋರ್ಟು ಆ ಕಾಯ್ದೇನ ಸಂವಿಧಾನಬಾಹಿರ ಅಂತ ಹೇಳಿ ಅವನನ್ನ ಬಿಟ್ಟಿತು. 1859ರಾಗ ದೇಶದ ಸುಪ್ರೀಂ ಕೋರ್ಟು ರಾಜ್ಯದ ಕೋರ್ಟು ಹಂಗ ಹೇಳಾಕ ಬರಂಗಿಲ್ಲ ಅಂತ ಎಲ್ಲಾ ನ್ಯಾಯಮೂರ್ತಿಗಳೂ ಒಂದ ದನಿಯಾಗ ಹೇಳಿದ್ರು, ದಕ್ಷಿಣದವ್ರು ಚಪ್ಪಾಳಿ ತಟ್ಟಿದ್ರು. ಮರು ವರ್ಷ ಲಿಂಕನ್ ಆರಿಸಿ ಬಂದ ಕೂಡಲೆ ಅವರಿಗೆ ರಾಜ್ಯದ ಹಕ್ಕು ವಾಪಸ್ ನೆನಪಾತು. 1860ರ ಡಿಸೆಂಬರಿನ್ಯಾಗ ಸೌತ್ ಕೆರೊಲಿನಾ ಬರದ ಪತ್ರದಾಗ ಮುಖ್ಯ ತಕರಾರೇ ಏನಂದ್ರ, ಉತ್ತರದ ರಾಜ್ಯಗಳು ಕೇಂದ್ರದ ಕಾಯ್ದೆ ಪಾಲಿಸವಲ್ವು!

ಅವ್ರು ಕಟ್ಟಿದ ಹೊಸ ಸಂವಿಧಾನ ಸಿಕ್ಕರ ಓದು. ಗುಲಾಮರ ಮ್ಯಾಲಿನ ಆಸ್ತಿ ಹಕ್ಕು ಕಡಿಮಿ ಮಾಡೋ ಕಾನೂನು ಕೇಂದ್ರ ಮಾಡಾಕ ಬರಂಗಿಲ್ಲ ಅಂತ ಬಿಚ್ಚಿ ಬರದಾರ, ಆದ್ರ ರಾಜ್ಯ ಬಿಟ್ಟು ಹೋಗಬಹುದು ಅಂತ ಒಂದು ಸಾಲಿಲ್ಲ, ಬದ್ಲಿಗೆ ಶಾಶ್ವತ ಸರ್ಕಾರ ಕಟ್ಟಾಕತ್ತೀವಿ ಅಂತ ಬರಕೊಂಡಾರ. 1862ರಾಗ ಕಡ್ಡಾಯ ಸೈನ್ಯ ಸೇರೋ ಕಾಯ್ದೇನೂ ಉತ್ತರದವ್ರಿಗಿಂತ ಮದಲ ಇವರ ಕೇಂದ್ರಾನ ತಂತು, ಜಾರ್ಜಿಯಾ ಗವರ್ನರ್ ಜಗಳಕ್ಕ ಬಿದ್ದ. ಪರೀಕ್ಷೆಯಾಗ ಇದನ್ನ ಬರದ್ರ ಮಾರ್ಕ್ಸ್ ಬರತಾವೋ ಇಲ್ಲೋ, ಆ ಯೂಟ್ಯೂಬಿನವ್ರ ಕಮೆಂಟಿನ್ಯಾಗ ಬರದ್ರ ಬೈಗುಳ ಅಂತೂ ಬರತಾವು.

ಪ್ರಶ್ನೆ: ಅಮೆರಿಕಾದಾಗ ರೈತ ತನಗ ಬೇಕಾದಷ್ಟು ಬೆಳೀಬಹುದು, ಸರ್ಕಾರ ನಡಕ ಬರಂಗಿಲ್ಲ ಅಂತ ಕೇಳೀನಿ. ನಮಗ ಕಬ್ಬಿನ ರೇಟಿಗೂ ದಿಲ್ಲಿ ನೋಡಬೇಕು. ಅಲ್ಲಿ ಕೇಂದ್ರಕ್ಕ ಪವರ್ ಕಡಿಮಿ ಐತೇನು?
(ಕಬ್ಬು ಬೆಳೆಗಾರ, ಬಾಗಲಕೋಟೆ ಜಿಲ್ಲಾ)

ಉತ್ತರ: ಕಾಕಾ, ಅಲ್ಲಿ ಒಬ್ಬ ರೈತನ ಕಥಿ ಕೇಳ್ರಿ, ನಮ್ಮ ಎಫ್‌ಆರ್‌ಪಿ (ಕೇಂದ್ರ ಗೊತ್ತು ಮಾಡೋ ಕಬ್ಬಿನ ರೇಟು) ಎಷ್ಟೋ ಚಲೋ ಅಂತೀರಿ. ಓಹಾಯೋ ರಾಜ್ಯದಾಗ ರಾಸ್ಕೋ ಫಿಲ್ಬರ್ನ್ ಅಂತ ಇದ್ದ, ದನ ಕೋಳಿ ಸಾಕಿ ಹಾಲು ತತ್ತಿ ಮಾರತಿದ್ದ, ಒಂದಿಷ್ಟು ಗೋಧಿ ಹಾಕತಿದ್ದ. ಗೋಧಿ ರೇಟ್ ಬೀಳಬಾರದು ಅಂತ ಕೇಂದ್ರ 1938ರಾಗ ಕಾಯ್ದೆ ತಂದು ಪ್ರತಿ ರೈತ ಎಷ್ಟು ಎಕರೆ ಬಿತ್ತಬೇಕು ಅಂತ ಲಿಮಿಟ್ ಹಾಕಿತ್ತು. ಇವನಿಗೆ ಬಂದಿದ್ದು 11.1 ಎಕರೆ, ಇವ ಬಿತ್ತಿದ್ದು 23. ಹೆಚ್ಚಿಗಿ ಬಂದ 239 ಬುಶೆಲ್ (ಅಲ್ಲಿನ ಕಾಳಿನ ಅಳತಿ) ಗೋಧಿಗೆ 117 ಡಾಲರ್ ಮ್ಯಾಲೆ ದಂಡ ಹಾಕಿದ್ರು. ನಾನು ಮಾರಾಕ ಬೆಳದಿಲ್ಲ, ನಮ್ಮ ದನಕ್ಕ, ನಮ್ಮ ಮನಿ ರೊಟ್ಟಿಗೆ, ಮುಂದಿನ ಬೀಜಕ್ಕ ಬೆಳದೀನಿ, ಕೇಂದ್ರಕ್ಕ ಇದ್ದದ್ದು ರಾಜ್ಯ ರಾಜ್ಯದ ನಡುವಿನ ವ್ಯಾಪಾರದ ಮ್ಯಾಲೆ ಅಧಿಕಾರ, ನನ್ನ ಗೋಧಿ ನನ್ನ ಹೊಲದ ಬದು ದಾಟಿಲ್ಲ ಅಂತ ಅವನ ವಾದ.

1942ರಾಗ ಸುಪ್ರೀಂ ಕೋರ್ಟು ಒಂದ ದನಿಯಾಗ ಅವನ ವಿರುದ್ಧ ಹೇಳ್ತು. ಲಾಜಿಕ್ ಏನಂದ್ರ, ನೀ ಬೆಳೀದಿದ್ರ ಪ್ಯಾಟಿಯಾಗ ಕೊಳ್ಳತಿದ್ದಿ, ನಿನ್ನ ಒಬ್ಬಂದು ಸಣ್ಣದಿರಬಹುದು, ನಿನ್ನಂಗ ಎಲ್ಲಾ ರೈತರೂ ಮಾಡಿದ್ರ ಇಡೀ ದೇಶದ ರೇಟಿನ ಮ್ಯಾಲೆ ಪರಿಣಾಮ ಆಗತೈತಿ. ಈ ಒಂದು ತೀರ್ಪು ಹಿಡಕೊಂಡು ಮುಂದಿನ 50 ವರ್ಷ ವಾಷಿಂಗ್ಟನ್ ಕೈ ಹಾಕದ ಜಾಗಾನ ಉಳೀಲಿಲ್ಲ. ಕಡಿಗೆ 1995ರಾಗ ಲೋಪೆಜ್ ಕೇಸಿನ್ಯಾಗ ಕೋರ್ಟು ಬ್ರೇಕ್ ಹಾಕ್ತು. ಸ್ಯಾನ್ ಆಂಟೋನಿಯೋದಾಗ ಹನ್ನೆರಡನೇ ಕ್ಲಾಸಿನ ಹುಡುಗ ಸಾಲಿಗೆ ಪಿಸ್ತೂಲ್ ತಂದಿದ್ದ, ಕೇಂದ್ರದ ಕಾಯ್ದೆಯಾಗ ಕೇಸ್ ಆತು, ಸಾಲಿಯಾಗ ಪಿಸ್ತೂಲು ಇಡೂದು ವ್ಯಾಪಾರ ಹೆಂಗಾಗತೈತಿ, ಇದು ರಾಜ್ಯದ ಕೆಲಸ ಅಂತ 5-4ರಾಗ ಕಾಯ್ದೆ ಹೊಡದು ಹಾಕಿದ್ರು. 2005ರಾಗ ಮತ್ತ ಉಲ್ಟಾ, ಕ್ಯಾಲಿಫೋರ್ನಿಯಾದಾಗ ರಾಜ್ಯದ ಕಾನೂನಿನಂಗ ಔಷಧಕ್ಕ ಅಂತ ಗಾಂಜಾ ಬಳಸೋ ಇಬ್ರು ಹೆಣ್ಣಮಕ್ಕಳು, ಒಬ್ಬಾಕಿ ಮನ್ಯಾಗ ಬೆಳದಿದ್ಳು, ಅಲ್ಲೀನೂ ಫಿಲ್ಬರ್ನನ ಗೋಧಿ ಉದಾಹರಣಿ ಕೊಟ್ಟು ಕೇಂದ್ರದ ಕಾಯ್ದೇನ ಮ್ಯಾಲೆ ಅಂದ್ರು. ಒಂದು ಗೆರಿ ಎಲ್ಲೈತಿ ಅಂತ ಅಲ್ಲಿನ ವಕೀಲರಿಗೂ ಹೇಳಾಕ ಬರಂಗಿಲ್ಲ. ನಮ್ಮಲ್ಲಿ ಒಕ್ಕಲುತನ ರಾಜ್ಯದ ಪಟ್ಟಿಯಾಗ ಐತಿ ಅಂತ ಪುಸ್ತಕದಾಗ ಓದತೀವಿ, ಆದ್ರ ಕಬ್ಬಿಗೆ 1966ರ ಕೇಂದ್ರದ ಆದೇಶ ನಡೀತೈತಿ, ಒಟ್ಟಿನ್ಯಾಗ ಫ್ಯಾಕ್ಟರಿ ಗೇಟಿನ ಮುಂದ ಕುಂತು ಧರಣಿ ಮಾಡೋವ್ರು ನೀವು, ರೇಟು ಬರಿಯೋವ್ರು ದಿಲ್ಲಿಯವ್ರು.

ಪ್ರಶ್ನೆ: ಆಲಮಟ್ಟಿ ಎತ್ತರದ ಜಗಳ ನಮ್ಮ ಅಪ್ಪನ ಕಾಲದಿಂದ ಐತಿ. ಅಮೆರಿಕಾದಾಗ ರಾಜ್ಯ ರಾಜ್ಯ ಹೊಳಿ ನೀರಿಗೆ ಜಗಳಾಡಿದ್ರ ಲಗೂನ ಮುಗೀತೈತೇನು?
(ಮುಳುಗಡೆ ಸಂತ್ರಸ್ತ, ಜಮಖಂಡಿ)

ಉತ್ತರ: ಇಲ್ರಿ. ಅಲ್ಲಿ ಟ್ರಿಬ್ಯೂನಲ್ ಇಲ್ಲ, ರಾಜ್ಯಗಳು ಸೀದಾ ಸುಪ್ರೀಂ ಕೋರ್ಟಿಗೆ ಹೋಗಬಹುದು, ಅಷ್ಟ ಫರಕು. ಕಾನ್ಸಾಸ್ ಮತ್ತ ಕೊಲೊರಾಡೊ ಅರ್ಕಾನ್ಸಾಸ್ ಹೊಳಿಗೆ 1901ರಾಗ ಕೋರ್ಟು ಏರಿದ್ರು, 1907ರಾಗ ತೀರ್ಪು ಬಂತು, ಇಪ್ಪತ್ತೊಂದನೇ ಶತಮಾನದಾಗೂ ಅದ ಹೊಳಿ ನೀರಿನ ಲೆಕ್ಕ ಅದ ಕೋರ್ಟಿನ್ಯಾಗ ನಡದಿತ್ತು. ಕೊಲೊರಾಡೊ ಹೊಳಿಗೆ ಅರಿಜೋನಾ ಕ್ಯಾಲಿಫೋರ್ನಿಯಾ ಮ್ಯಾಲೆ ಹಾಕಿದ ಕೇಸು 1952ರಿಂದ 1963ರ ತನಕ. ನಮ್ಮ ಕೃಷ್ಣಾ ಎರಡನೇ ಟ್ರಿಬ್ಯೂನಲ್ 2010ರಾಗ 524.256 ಮೀಟರಿಗೆ ಒಪ್ಪಿಗಿ ಕೊಟ್ರೂ ಗೆಜೆಟ್ ಆಗಿಲ್ಲ ಅನ್ನೂದು ನಿಮಗ ನನಗಿಂತ ಚಲೋ ಗೊತ್ತು.

ಪ್ರಶ್ನೆ: ಬೆಳಗಾವಿ ಗಡಿ ಕೇಸು 2004ರಿಂದ ಸುಪ್ರೀಂ ಕೋರ್ಟಿನ್ಯಾಗ ಕುಂತೈತಿ. ಇನ್ನೊಂದು ಕಡೆ ಉತ್ತರ ಕರ್ನಾಟಕ ಬ್ಯಾರೆ ರಾಜ್ಯ ಆಗಬೇಕು ಅಂತ ಆಗಾಗ ದನಿ ಏಳತೈತಿ. ಅಮೆರಿಕಾದಾಗ ಇಂಥಾವು ಹೆಂಗ ನಡೀತಾವು? ಇದೂ ಒಡ್ಯೋ ಮಾತೇ ಅಲ್ಲೇನ್ರಿ?
(ಅರಿವೆ ವ್ಯಾಪಾರಿ, ನಿಪ್ಪಾಣಿ)

ಉತ್ತರ: ದೇಶ ಬಿಟ್ಟು ಹೋಗೂದು ಬ್ಯಾರೆ, ದೇಶದೊಳಗ ಅಣ್ಣತಮ್ಮರು ಪಾಲು ತಗೊಂಡಂಗ ರಾಜ್ಯ ಎರಡಾಗೂದು ಬ್ಯಾರೆ. ಎರಡನ್ನೂ ಒಂದ ಚೀಲದಾಗ ಹಾಕಿ ದೇಶದ್ರೋಹ ಅಂತ ಅನ್ನೋವ್ರು ನಮ್ಮಲ್ಲಿ ಭಾಳ ಅದಾರ, ಅದು ತಪ್ಪು.

ಇದ್ರಾಗ ಅಮೆರಿಕಾದ ರಾಜ್ಯ ನಮ್ಮ ರಾಜ್ಯಕ್ಕಿಂತ ಎಷ್ಟು ಗಟ್ಟಿ ಅಂತ ನೋಡ್ರಿ. ಅಲ್ಲಿನ ಸಂವಿಧಾನದ ನಾಲ್ಕನೇ ವಿಧಿ ಪ್ರಕಾರ ಒಂದು ರಾಜ್ಯದ ನೆಲದಾಗ ಹೊಸ ರಾಜ್ಯ ಮಾಡಬೇಕಂದ್ರ ಆ ರಾಜ್ಯದ ವಿಧಾನಸಭೆ ಒಪ್ಪಬೇಕು, ಆಮ್ಯಾಲೆ ಪಾರ್ಲಿಮೆಂಟು ಒಪ್ಪಬೇಕು. ನಮ್ಮ ಮೂರನೇ ವಿಧಿಯಾಗ ರಾಜ್ಯದ ವಿಧಾನಸಭೆ ಅಭಿಪ್ರಾಯ ಕೇಳಿದ್ರ ಸಾಕು, ಒಪ್ಪಬೇಕಂತಿಲ್ಲ. 2014ರ ಜನವರಿಯಾಗ ಆಂಧ್ರ ವಿಧಾನಸಭೆ ತೆಲಂಗಾಣ ಬಿಲ್ಲು ಬ್ಯಾಡ ಅಂತ ಠರಾವು ಮಾಡ್ತು, ಮರು ತಿಂಗಳ ಪಾರ್ಲಿಮೆಂಟು ಪಾಸ್ ಮಾಡ್ತು, ಜೂನ್ 2ಕ್ಕ ತೆಲಂಗಾಣ ಆತು. ಅಮೆರಿಕಾದಾಗ ಇದು ಆಗಂಗ ಇಲ್ಲ. ಓರೆಗಾನ್ ರಾಜ್ಯದ ಪೂರ್ವದ ಕೌಂಟಿಗಳು (ನಮ್ಮ ಜಿಲ್ಲಾ ಇದ್ದಂಗ) ನಮ್ಮನ್ನ ಪಕ್ಕದ ಐಡಾಹೊಕ್ಕ ಸೇರಸ್ರಿ ಅಂತ ಮತ ಹಾಕಿ ಹಾಕಿ ಕೂಗಾಕತ್ತಾವು, ಅವರ ರಾಜಧಾನಿಯವ್ರು ಹೂಂ ಅನ್ನವಲ್ರು, ಅಲ್ಲೀಗ ಮುಗೀತು. ಅದ ನಿಯಮ ನಮಗಿದ್ರ ಉತ್ತರ ಕರ್ನಾಟಕಕ್ಕ ಬೆಂಗಳೂರಿನ ಮತ ಬೇಕಾಗತಿತ್ತು, ಸುವರ್ಣಸೌಧದಾಗ ವರ್ಷಕ್ಕ ಎರಡು ವಾರ ಅಧಿವೇಶನ ಮಾಡಾಕ ಬ್ಯಾಸರ ಮಾಡಕೊಳ್ಳೋ ಮಂದಿ ಅದಕ್ಕ ಮತ ಹಾಕತಿದ್ರೋ ಇಲ್ಲೋ ನೀವ ಹೇಳ್ರಿ.

ಆ ನಿಯಮಕ್ಕ ಒಂದು ಸಲ ಭಾರಿ ಚಾಲಾಕಿ ಮಾಡ್ಯಾರ. ವರ್ಜೀನಿಯಾ 1861ರಾಗ ಯೂನಿಯನ್ ಬಿಟ್ಟಾಗ ಅದರ ಪಶ್ಚಿಮದ ಗುಡ್ಡದ ಮಂದಿ ನಾವು ಬರಂಗಿಲ್ಲ ಅಂದ್ರು. ವೀಲಿಂಗ್ ಊರಾಗ ಕೂಡಿ ನಾವ ಖರೆ ವರ್ಜೀನಿಯಾ ಸರ್ಕಾರ ಅಂತ ಘೋಷಣಾ ಮಾಡಿದ್ರು, ಲಿಂಕನ್ ಅದನ್ನ ಮಾನ್ಯ ಮಾಡಿದ್ರು, ಆ ಸರ್ಕಾರ ತಾನ ತನ್ನ ಒಡಿಯಾಕ ತಾನ ಒಪ್ಪಿಗಿ ಕೊಡ್ತು, 1863ರ ಜೂನ್ 20ಕ್ಕ ವೆಸ್ಟ್ ವರ್ಜೀನಿಯಾ ಆತು. ಸಂವಿಧಾನದ ವಿರುದ್ಧ ಬ್ಯಾರೆ ಆಗೂದಕ್ಕೂ ಸಂವಿಧಾನದ ಪರ ಬ್ಯಾರೆ ಆಗೂದಕ್ಕೂ ಫರಕೈತಿ ಅನ್ನೋ ಅರ್ಥದಾಗ ಲಿಂಕನ್ ಬರದಾರ. ಕೆಲಸ ಆಗಬೇಕಂದಾಗ ಎಂಥಾ ದೊಡ್ಡವ್ರೂ ಎಂಥಾ ವಾದ ಹುಡಕತಾರ ನೋಡ್ರಿ.

ಗಡಿ ಕೇಸು ಅಲ್ಲೀನೂ ಸುಪ್ರೀಂ ಕೋರ್ಟಿಗೆ ಹೋಗತಾವು. 1839ರಾಗ ಮಿಸ್ಸೂರಿ ಮತ್ತ ಅಯೋವಾ ನಡುವ ಕೆಲವು ಮೈಲು ಅಗಲದ ಪಟ್ಟಿಗೆ ಎರಡೂ ಕಡಿಂದ ಬಂದೂಕು ಹಿಡಕೊಂಡು ಮಂದಿ ಬಂದಿದ್ರು, ಜೇನಿನ ಯುದ್ಧ ಅಂತ ಅದಕ್ಕ ಹೆಸರು. ಕೋರ್ಟು 1849ರಾಗ ಅಯೋವಾ ಕಡೆ ಹೇಳ್ತು, ಹಳೇ ಸರ್ವೇ ಗೆರೀನ ಗಡಿ ಅಂತ. ಅಲ್ಲಿ ಗಡಿ ಕೇಸಿನ್ಯಾಗ ಕೋರ್ಟು ನೋಡೂದು ಹಳೇ ನಕಾಶಿ, ಹಳೇ ಕರಾರು. ಮನ್ಯಾಗ ಯಾವ ಭಾಷಾ ಮಾತಾಡತೀರಿ ಅಂತ ಕೇಳಂಗಿಲ್ಲ. ನಮ್ಮ ಕೇಸಿನ್ಯಾಗ ಕರ್ನಾಟಕ 1956ರ ಕಾಯ್ದೆ ಮತ್ತ ಮಹಾಜನ ವರದಿ ಹಿಡದೈತಿ, ಮಹಾರಾಷ್ಟ್ರ ಭಾಷಾ ಹಿಡದೈತಿ. ಪಾರ್ಲಿಮೆಂಟು ಗೆರಿ ಎಳದ ಮ್ಯಾಲೆ ಕೋರ್ಟು ಅದನ್ನ ಬದಲಿ ಮಾಡೂದು ನನಗಂತೂ ಕಠಿಣ ಕಾಣತೈತಿ. ನಿಪ್ಪಾಣಿಯಾಗ ಅಂಗಡಿ ಬೋರ್ಡು ಎರಡೂ ಭಾಷಾದಾಗ ಹಾಕಿ ಎರಡೂ ಕಡಿ ಗಿರಾಕಿಗೆ ಅರಿವೆ ಮಾರೋ ನಿಮಗ ಇದರ ಬಿಸಿ ಡಿಸೆಂಬರಿನ್ಯಾಗ ಬಸ್ ಬಂದ್ ಆದಾಗಷ್ಟ ಹತ್ತತೈತಿ ಅನಕೋತೀನಿ.

ಪ್ರಶ್ನೆ: ಬಿಟ್ಟು ಹೋಗಾಕ ಬರಂಗಿಲ್ಲ ಅಂದ್ರ ಕೇಂದ್ರ ಹೇಳಿದ್ದನ್ನೆಲ್ಲಾ ರಾಜ್ಯ ಕೇಳಬೇಕೇನ್ರಿ? ಹಂಗಾದ್ರ ಫೆಡರಲ್ ಅನ್ನೂದಕ್ಕ ಅರ್ಥ ಏನುಳೀತು? ಎಕ್ಸಾಮಿಗೂ ಉಪಯೋಗ ಆಗಂಗ ಹೇಳ್ರಿ.
(ಎಲ್‌ಎಲ್‌ಬಿ ವಿದ್ಯಾರ್ಥಿ, ಅಥಣಿ)

ಉತ್ತರ: ಚಲೋ ಕೇಳಿದ್ಯಪ್ಪಾ. ನನ್ನ ಅಭಿಪ್ರಾಯದಾಗ ಬಿಟ್ಟು ಹೋಗತೀನಿ ಅನ್ನೋ ಬೆದರಿಕಿಗಿಂತ, ಒಳಗ ಇದ್ದು ನಿನ್ನ ಕೆಲಸ ನೀ ಮಾಡಕೋ, ನನ್ನ ನೌಕರರನ್ನ ಬಳಸಬ್ಯಾಡ ಅನ್ನೋ ಹಕ್ಕು ಹೆಚ್ಚು ಕೆಲಸ ಮಾಡೇತಿ.

ಇದರ ಬೇರು ಮತ್ತ ಓಡಿ ಬಂದ ಗುಲಾಮರ ಕೇಸಿನ್ಯಾಗ ಐತಿ. 1842ರ ಪ್ರಿಗ್ ಕೇಸಿನ್ಯಾಗ ಸುಪ್ರೀಂ ಕೋರ್ಟು ಗುಲಾಮರ ಮಾಲೀಕರ ಪರಾನ ಹೇಳ್ತು, ಆದ್ರ ಜೋಡೀನ ಒಂದು ಮಾತು ಸೇರಿಸ್ತು: ಹಿಡಿಯೋ ಕೆಲಸ ಕೇಂದ್ರದ್ದು, ರಾಜ್ಯದ ಅಧಿಕಾರಿಗಳ ಕಡಿಂದ ಜುಲುಮಿಲೆ ಮಾಡಸಾಕ ಬರಂಗಿಲ್ಲ. ಉತ್ತರದ ರಾಜ್ಯಗಳು ಆ ಒಂದು ಸಾಲು ಹಿಡಕೊಂಡು ನಮ್ಮ ಪೊಲೀಸರು ಬರಂಗಿಲ್ಲ, ನಮ್ಮ ಜೇಲು ಕೊಡಂಗಿಲ್ಲ ಅಂತ ಕಾಯ್ದೆ ಮಾಡಿದ್ರು. 150 ವರ್ಷ ಆದ ಮ್ಯಾಲೆ 1997ರಾಗ ಪ್ರಿಂಟ್ಜ್ ಕೇಸು, ಬಂದೂಕು ಕೊಳ್ಳೋವ್ರ ಹಿನ್ನೆಲಿ ಚೆಕ್ ಮಾಡ್ರಿ ಅಂತ ಕೇಂದ್ರ ಊರ ಪೊಲೀಸ್ ಮುಖ್ಯಸ್ಥರಾದ ಶೆರಿಫ್‌ಗಳಿಗೆ ಹುಕುಂ ಮಾಡಿತ್ತು, ಮೊಂಟಾನಾ ಮತ್ತ ಅರಿಜೋನಾದ ಶೆರಿಫ್‌ಗಳು ಕೋರ್ಟಿಗೆ ಹೋಗಿ ಗೆದ್ರು. ಬಂದೂಕಿನ ಪರ ಇದ್ದವ್ರು ಗೆದ್ದ ಆ ತೀರ್ಪನ್ನ ಇವತ್ತು ವಲಸಿಗರ ಪರ ಇರೋ ಊರುಗಳು ಬಳಸಾಕತ್ತಾವು: ವೀಸಾ ಇಲ್ಲದವ್ರನ್ನ ಹಿಡಿಯೂದು ಕೇಂದ್ರದ ಕೆಲಸ, ನಮ್ಮ ಪೊಲೀಸರು ನಿಮ್ಮ ಜೋಡಿ ಬರಂಗಿಲ್ಲ. ಕಾನೂನಿನ ಹತಾರಿಗೆ ಪಾರ್ಟಿ ಇರಂಗಿಲ್ಲ, ಇದನ್ನ ಬೇಕಾದ್ರ ಎಕ್ಸಾಮಿನ್ಯಾಗ ಬರಿ.

ರೊಕ್ಕದ ದಾರಿ ಇನ್ನೊಂದು. ಕುಡಿಯೋ ವಯಸ್ಸು 21 ಮಾಡ್ರಿ ಅಂತ ಕೇಂದ್ರ ಸೀದಾ ಹೇಳಲಿಲ್ಲ, ಮಾಡದಿದ್ರ ಹೈವೇ ಅನುದಾನದಾಗ 5 ಪರ್ಸೆಂಟ್ ಕಟ್ ಅಂತು. ಸೌತ್ ಡಕೋಟಾ 1987ರಾಗ ಕೋರ್ಟಿನ್ಯಾಗ ಸೋತಿತು, 5 ಪರ್ಸೆಂಟ್ ಅಂದ್ರ ಜುಲುಮಿ ಅಲ್ಲ ಅಂದ್ರು. 2012ರಾಗ ಒಬಾಮಾ ಆರೋಗ್ಯ ಕಾಯ್ದೆಯಾಗ, ಬಡವ್ರ ಆರೋಗ್ಯ ಯೋಜನೆ ದೊಡ್ಡದು ಮಾಡದಿದ್ರ ಹಳೇ ಅನುದಾನಾನೂ ಪೂರಾ ಬಂದ್ ಅಂತ ಇತ್ತು, ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಇದು ತಲಿಗೆ ಪಿಸ್ತೂಲ್ ಹಿಡದಂಗ ಆತು ಅಂತ ಆ ಭಾಗ ತಡದ್ರು. ಹತ್ತನೇ ತಿದ್ದುಪಡಿ ಪ್ರಕಾರ ಕೇಂದ್ರಕ್ಕ ಕೊಡದ ಉಳದ ಅಧಿಕಾರ ಅಲ್ಲಿ ರಾಜ್ಯಕ್ಕ ಅಥವಾ ಮಂದಿಗೆ, ನಮ್ಮಲ್ಲಿ 248ನೇ ವಿಧಿಯಾಗ ಕೇಂದ್ರಕ್ಕ. ಅಲ್ಲಿ ಗವರ್ನರ್ ಮಂದಿ ಆರಿಸಿದವ, ಅಧ್ಯಕ್ಷ ಎಷ್ಟ ಸಿಟ್ಟಾದ್ರೂ ಅವನನ್ನ ತಗಿಯಾಕ ಬರಂಗಿಲ್ಲ. ನಮ್ಮಲ್ಲಿ ಕೇಂದ್ರ ರಾಜ್ಯ ಸರ್ಕಾರಾನ ವಜಾ ಮಾಡೋ 356ನೇ ವಿಧಿ ಐತಿ, 1989ರಾಗ ನಮ್ಮ ಎಸ್.ಆರ್. ಬೊಮ್ಮಾಯಿ ಅವ್ರ ಸರ್ಕಾರ ಸದನದಾಗ ಬಹುಮತ ತೋರಸಾಕ ಅವಕಾಶಾನ ಕೊಡದ ವಜಾ ಮಾಡಿದ್ರು, 1994ರಾಗ ಒಂಬತ್ತು ನ್ಯಾಯಮೂರ್ತಿಗಳು ಇನ್ಮ್ಯಾಲೆ ಹಂಗ ಮಾಡಂಗಿಲ್ಲ ಅಂತ ಹೇಳಿದ್ರು. ಈ ದೇಶದಾಗ ಕೇಂದ್ರದ ಕೈಗೆ ಬಿದ್ದ ದೊಡ್ಡ ಬೇಡಿ ಅದ, ಅದಕ್ಕ ನಮ್ಮ ಕಡೆ ಮನಷ್ಯಾನ ಹೆಸರೈತಿ.

ಆದ್ರ ಒಂದು ಮಾತು. ಕೇಂದ್ರ ಅಂದ ಕೂಡಲೆ ಖಳನಾಯಕ ಅನಬ್ಯಾಡ. 1957ರಾಗ ಅರ್ಕಾನ್ಸಾಸ್ ಗವರ್ನರ್, ಲಿಟಲ್ ರಾಕ್ ಊರಿನ ಹೈಸ್ಕೂಲಿಗೆ ಒಂಬತ್ತು ಕರಿಯ ಹುಡುಗ ಹುಡುಗ್ಯಾರು ಬರಬಾರದು ಅಂತ ರಾಜ್ಯದ ಗಾರ್ಡ್ ನಿಲ್ಲಿಸಿದ, ಅಧ್ಯಕ್ಷ ಐಸೆನ್‌ಹೋವರ್ ಫೌಜು ಕಳಿಸಿ ಆ ಮಕ್ಕಳನ್ನ ಒಳಗ ಬಿಡಿಸಿದ. ಆ ದಿನ ರಾಜ್ಯದ ಹಕ್ಕು ಅಂದ್ರ ಮಕ್ಕಳಿಗೆ ಬಾಗಲಾ ಹಾಕೋ ಹಕ್ಕು ಆಗಿತ್ತು. ಅಧಿಕಾರ ಯಾವ ಊರಾಗ ಐತಿ ಅನ್ನೂದಕ್ಕಿಂತ ಅದು ಯಾರ ಮ್ಯಾಲೆ ಬೀಳಾಕತ್ತೈತಿ ಅಂತ ಮದಲ ನೋಡು, ಆಮ್ಯಾಲೆ ಸೆಕ್ಷನ್ ನೋಡು.

ಪ್ರಶ್ನೆ: ಅಮೆರಿಕಾದಾಗ ನಮ್ಮ ರಾಜ್ಯ ಬ್ಯಾರೆ ದೇಶ ಆಗಬೇಕು ಅಂತ ಬಹಿರಂಗ ಭಾಷಣ ಮಾಡಿದ್ರ ಜೇಲಿಗೆ ಹಾಕತಾರೇನು?
(ಮುಧೋಳ)

ಉತ್ತರ: ಬರೇ ಮಾತಾಡಿದ್ರ ಇಲ್ಲ, ಮದಲನೇ ತಿದ್ದುಪಡಿ ಕಾಯತೈತಿ, ಬಂದೂಕು ಹಿಡದ್ರ ಬ್ಯಾರೆ ಮಾತು. ನಮ್ಮಲ್ಲಿ 1963ರ 16ನೇ ತಿದ್ದುಪಡಿ ಆದ ಮ್ಯಾಲೆ ದೇಶದ ಅಖಂಡತೆ ಹೆಸರಿನ್ಯಾಗ ಮಾತಿಗೂ ಕಾನೂನು ಅಡ್ಡ ಬರಬಹುದು, ಎಲೆಕ್ಷನ್ನಿಗೆ ನಿಲ್ಲೋವ್ರು ಆ ಪ್ರಮಾಣಾನೂ ಮಾಡಬೇಕು. ಹೋಲಿಕಿ ಬೇಕಂದ್ರ, ದಕ್ಷಿಣದ ಕಾನ್ಫೆಡರಸಿ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನನ್ನ ಹಿಡದು ಎರಡು ವರ್ಷ ಇಟ್ರು, ದೇಶದ್ರೋಹದ ಆರೋಪಾನೂ ಹೊರಿಸಿದ್ರು, ವಿಚಾರಣಿ ಮಾತ್ರ ಮುಗೀಲೇ ಇಲ್ಲ, ಕಡಿಗೆ ಕ್ಷಮಾದಾನದಾಗ ಕೇಸು ಬಿಟ್ರು.

ಪ್ರಶ್ನೆ: ಅಣ್ಣಾರ, ನನ್ನ ಮಗ ಕೊಲೊರಾಡೊದ ಡೆನ್ವರ್‌ದಾಗ ಕೆಲಸಕ್ಕದಾನ, ಎಚ್‌1ಬಿ ವೀಸಾ. ಈ ರಾಜ್ಯ ಕೇಂದ್ರದ ಜಗಳದಾಗ ಅವಂಗೇನರೆ ತ್ರಾಸ ಆಗತೈತೇನ್ರಿ? ರಾತ್ರಿ ನಿದ್ದಿ ಬರವಲ್ದು.
(ಗೃಹಿಣಿ, ಬೆಳಗಾವಿ)

ಉತ್ತರ: ಅಕ್ಕಾರ, ರಾಜ್ಯ ಒಡದು ಹೋಗತೈತಿ ಅಂತ ಚಿಂತಿ ಬ್ಯಾಡ, ಅದು ಆಗಂಗಿಲ್ಲ. ವೀಸಾ ಅನ್ನೂದು ಪೂರಾ ವಾಷಿಂಗ್ಟನ್ ಕೈಯಾಗಿಂದು, ಅವ ಯಾವ ರಾಜ್ಯದಾಗ ಇದ್ರೂ ಒಂದ. ಡ್ರೈವಿಂಗ್ ಲೈಸೆನ್ಸು, ಮಕ್ಕಳ ಸಾಲಿ, ಮದುವಿ ರಿಜಿಸ್ಟರ್ ಇವೆಲ್ಲಾ ರಾಜ್ಯದ್ದು. ಒಂದ ಒಂದು ವಿಷಯದಾಗ ಎರಡೂ ಕಾನೂನು ಡಿಕ್ಕಿ ಹೊಡೀತಾವು, ಅದನ್ನ ಅವಂಗ ಹೇಳ್ರಿ. ಕೊಲೊರಾಡೊದಾಗ 2012ರಾಗ ಮಂದಿ ಮತ ಹಾಕಿ ಗಾಂಜಾ ಕಾನೂನುಬದ್ಧ ಮಾಡ್ಯಾರ, ಅಂಗಡಿಯಾಗ ಬೋರ್ಡು ಹಚ್ಚಿ ಮಾರತಾರ, ಆಫೀಸಿನ ಗೆಳ್ಯಾರೂ ಇಲ್ಲಿ ನಡೀತೈತಿ ಅಂತಾರ, ಅವ್ರು ಸಿಟಿಜನ್ನು, ಅವ್ರಿಗೆ ನಡೀತೈತಿ. ಕೇಂದ್ರದ ಕಾನೂನಿನ್ಯಾಗ ಅದು ಇನ್ನೂ ಅಪರಾಧ, ಮತ್ತ ವೀಸಾ, ಗ್ರೀನ್ ಕಾರ್ಡು ನೋಡೋವ್ರು ಕೇಂದ್ರದ ಕಾನೂನ ನೋಡತಾರ, ಒಂದು ಸಲ ತಗೊಂಡೀನಿ ಅಂತ ಒಪ್ಪಿಕೊಂಡ್ರೂ ತೊಂದ್ರಿ ಆಗಬಹುದು. ಆ ಅಂಗಡಿಯಾಗ ಕೆಲಸ ಮಾಡೂದೂ ಬ್ಯಾಡ, ಅದ್ರಾಗ ರೊಕ್ಕ ಹಾಕೂದೂ ಬ್ಯಾಡ. ಫೋನ್ ಮಾಡಿದಾಗ ಇಷ್ಟು ಹೇಳ್ರಿ, ಸಿಟ್ಟಾಗತಾನ, ಆಗಲಿ.